ಚರ್ಚ್ ಪೇಜ್ ನಡೆಸೋಕೆ ಯಾರಿಗೆ ಯಾವ ಕೆಲಸ ಕೊಡಬೇಕು?

"ಯೂತ್ ಹುಡುಗರು ನೋಡ್ಕೋತಾರೆ ಬಿಡಿ" ಅಂತ ಕಮಿಟಿ ಕೈತೊಳೆದುಕೊಂಡರೆ, ಆ ಪೇಜ್ ಕ್ರಿಸ್‌ಮಸ್‌ಗೆ ಶುರುವಾಗಿ ಈಸ್ಟರ್ ಹೊತ್ತಿಗೆ ನಿಂತುಹೋಗುತ್ತದೆ. ಹುಡುಗರಿಗೆ ಪರೀಕ್ಷೆ ಬರುತ್ತದೆ, ಬೆಂಗಳೂರಲ್ಲಿ ಕೆಲಸ ಸಿಗುತ್ತದೆ. ಧಾರವಾಡದ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಪೇಜ್ ನಡೆಸುವ ತಂಡವನ್ನು ನೋಡಿಕೊಳ್ಳುವವಳು ನಾನು. ಚಿಕ್ಕ ಕೆಲಸ, ಪ್ರತಿ ಕೆಲಸಕ್ಕೂ ಇಬ್ಬರು: ಇಷ್ಟೇ ನಾನು ಹೇಳೋದು.

ಮೊದಲು ಖಾತೆ ಚರ್ಚ್ ಹೆಸರಲ್ಲಿರಲಿ. ಸಭಾಪಾಲಕರಿಗೆ (ಪಾಸ್ಟರ್‌ಗೆ) ವರ್ಗಾವಣೆ ಆಗುತ್ತಲೇ ಇರುತ್ತದೆ, ಅಲ್ವಾ? ಅದಕ್ಕೇ ಕಾರ್ಯದರ್ಶಿ, ಖಜಾಂಚಿ ಇಬ್ಬರನ್ನೂ ಫೇಸ್‌ಬುಕ್ ಪೇಜ್‌ಗೆ ಅಡ್ಮಿನ್ ಮಾಡಿ. ಯೂಟ್ಯೂಬ್ ಪಾಸ್‌ವರ್ಡ್ ಎಲ್ಲರಿಗೂ ಕೊಡಬೇಡಿ. ವಿಡಿಯೊ ಹಾಕುವವರನ್ನು ಪರ್ಮಿಷನ್ಸ್‌ನಲ್ಲಿ ಎಡಿಟರ್ ಅಂತ ಸೇರಿಸಿದರೆ ಸಾಕು.

ಭಾನುವಾರದ ಲೈವ್‌ಗೆ ಒಬ್ಬರು ಫೋನ್ ಹತ್ತಿರ, ಇನ್ನೊಬ್ಬರು ಮೈಕ್‌ಗಳ ಸೌಂಡ್ ಮಿಕ್ಸರ್ ಹತ್ತಿರ ಕೂರಲಿ. ಮಂಚ ಬಿಟ್ಟು ಏಳಲಾಗದ ಅಜ್ಜಿಗೆ ಚಿತ್ರ ಮಸುಕಾದರೂ ಪರವಾಗಿಲ್ಲ, ಪ್ರಸಂಗ (ಪಾಸ್ಟರ್ ಬೋಧನೆ) ಕೇಳಿಸಬೇಕು. ಹಾಗಾಗಿ ಧ್ವನಿಯನ್ನು ಮಿಕ್ಸರ್‌ನಿಂದಲೇ ತಂತಿ ಎಳೆದು ಫೋನಿಗೆ ಕೊಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಆನ್ ಮಾಡಿ, ಇಲ್ಲದಿದ್ದರೆ ಪ್ರಾರ್ಥನೆಯ ಮಧ್ಯೆ ಕರೆ ಬರುತ್ತದೆ. ಫೋನಿನಿಂದ ಲೈವ್ ಮಾಡಲು ಯೂಟ್ಯೂಬ್ ಚಾನೆಲ್‌ಗೆ ಕನಿಷ್ಠ 50 ಸಬ್‌ಸ್ಕ್ರೈಬರ್‌ಗಳು ಬೇಕು. ಮೊದಲ ಸಲ ಅನುಮತಿಗೆ 24 ಗಂಟೆವರೆಗೂ ಕಾಯಬೇಕಾಗಬಹುದು. ಹಾಗಾಗಿ ಗರಿಗಳ ಭಾನುವಾರದ (ಈಸ್ಟರ್‌ಗೆ ಒಂದು ವಾರ ಮೊದಲಿನ ಭಾನುವಾರ) ಲೈವ್‌ಗೆ ಹಿಂದಿನ ವಾರವೇ ತಯಾರಾಗಿ.

ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ) ಹೊತ್ತಲ್ಲಿ ಕ್ಯಾಮೆರಾ ವೇದಿಯ ಕಡೆಗಿರಲಿ, ಮೊಣಕಾಲೂರಿದವರ ಮುಖದ ಮೇಲೆ ಬೇಡ.

ಬರವಣಿಗೆಗೆ ಹುಡುಗರನ್ನೇ ಹುಡುಕಬೇಕಿಲ್ಲ. ಸ್ತ್ರೀಯರ ಕೂಟದಲ್ಲಿ ನಿವೃತ್ತ ಕನ್ನಡ ಟೀಚರ್ ಇದ್ದೇ ಇರುತ್ತಾರೆ, ಅವರನ್ನು ಕೇಳಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರತಂದವರು ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್. ಅದೇ ಮಿಷನ್‌ನಿಂದ ಬೆಳೆದ ಸಭೆ ನಮ್ಮದು. ನಮ್ಮ ಪೇಜ್‌ನಲ್ಲಿ ಕನ್ನಡ ತಪ್ಪುತಪ್ಪಾಗಿರಬಾರದು ಅನ್ನೋದು ನನ್ನ ಹಟ. ಜನ ಜಾಸ್ತಿ ಹುಡುಕುವುದು ಆರಾಧನೆಯ ಸಮಯ, ಸುಗ್ಗಿ ಹಬ್ಬದ ತಾರೀಕು, ಸಾವಿನ ಸುದ್ದಿ. ಸಾವಿನ ಸುದ್ದಿಯಲ್ಲಿ ಹೆಸರು, ಮನೆ ಇರುವ ಓಣಿ, ಮಣ್ಣಿನ ಸಮಯ, ಯಾವ ಸ್ಮಶಾನ, ಇವಿಷ್ಟು ಮೊದಲ ಎರಡು ಸಾಲಿನಲ್ಲೇ ಬರಲಿ. ಬೈಬಲ್ ವಚನ ಆಮೇಲೆ. ಮನೆಯವರು ಹೂಂ ಅನ್ನುವ ತನಕ ಏನೂ ಹಾಕಬೇಡಿ.

ಒಪ್ಪಿಗೆ ಕೇಳೋಕೇ ಒಬ್ಬರು ಬೇಕು, ಎಲ್ಲರ ಮನೆಗೂ ಹೋಗಿ ಬರುವಂಥವರು. ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಫೋಟೊಕ್ಕೆ ಕುಟುಂಬದವರನ್ನು, ಸಂಡೇ ಸ್ಕೂಲ್ ಮಕ್ಕಳ ಫೋಟೊಕ್ಕೆ ತಂದೆತಾಯಿಯನ್ನು ಕೇಳಲೇಬೇಕು. 18ರೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯೂ ಹೇಳುತ್ತದೆ. ಪ್ರಾರ್ಥನಾ ವಿನಂತಿಯಲ್ಲಿ ಕಾಯಿಲೆಯ ಹೆಸರು ಬರೆಯಬೇಡಿ. ಮದುವೆಗೆ ಬಂದ ಮಗಳಿರುವ ಮನೆಗೆ ಅದು ಎಷ್ಟು ನೋವು ಕೊಡುತ್ತದೆ ಅಂತ ನಮಗೆಲ್ಲ ಗೊತ್ತು.

ಕೆಟ್ಟ ಕಾಮೆಂಟ್ ಬಂದರೆ ಸ್ವಯಂಸೇವಕರು ಉತ್ತರ ಕೊಡೋದು ಬೇಡ. ಸ್ಕ್ರೀನ್‌ಶಾಟ್ ತೆಗೆದು, ಮರೆಮಾಡಿ, ಸಭಾಪಾಲಕರಿಗೆ ತಿಳಿಸಲಿ.

ಯಾರಾದರೂ ಊರು ಬಿಟ್ಟರೆ, ಅವರ ಜೊತೆಗಿದ್ದವರು ಹೊಸಬರಿಗೆ ಕೆಲಸ ಕಲಿಸಲಿ. ಹೋಗುವವರ ಹೆಸರನ್ನು ಅದೇ ವಾರ ಖಾತೆಯಿಂದ ತೆಗೆಯಿರಿ. ಆರಾಧನೆಯ ಪ್ರಕಟಣೆಯಲ್ಲಿ ಹೆಸರು ಹೇಳಿ ವಂದಿಸಿ.