ಟಿಎಂಎಸ್‌ಗೆ ಹಣ ಕಟ್ಟುವ ಮುಂಚೆ ಒಂದು ಕುರ್ಚಿ, ಒಂದು ಸ್ಟಾಪ್‌ವಾಚ್

ಗದಗದ ನಮ್ಮ ಮನೆಯಲ್ಲಿ ಪಡಸಾಲೆ ದಾಟಿ ಅಡುಗೆಮನೆ ಹೊಸ್ತಿಲಿಗೆ ಬಂದರೆ ಅಪ್ಪ ನಿಂತುಬಿಡುತ್ತಾರೆ. ಮೈ ಮುಂದೆ ವಾಲುತ್ತದೆ, ಕಾಲು ಮಾತ್ರ ಬರುವುದಿಲ್ಲ. ಕೈಕಾಲಿನ ಚಲನೆ ನಿಧಾನವಾಗಿ ಬಿಗಿಯುವ ಪಾರ್ಕಿನ್ಸನ್ ಕಾಯಿಲೆ ಇರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಟಿಎಂಎಸ್, ಅಂದರೆ ಕಾಂತಶಕ್ತಿಯಿಂದ ಮಿದುಳನ್ನು ತಟ್ಟುವ ಚಿಕಿತ್ಸೆ, ಮಾಡಿಸಿ ನೋಡಿ ಎಂದು ಯಾರೋ ಹೇಳಿದ ದಿನವೇ ಪಕ್ಕದ ಮನೆಯವರು "ತಲಿಗೆ ಕರೆಂಟ್ ಕೊಡಸ್ತೀರೇನ್ರೀ?" ಎಂದು ಗಾಬರಿಯಾದರು.

ಇದು ಶಾಕ್ ಟ್ರೀಟ್‌ಮೆಂಟ್ ಅಲ್ಲ. ಮಿದುಳಿಗೆ ತಂತಿ ಇಳಿಸುವ ಡಿಬಿಎಸ್ ಆಪರೇಷನ್ನೂ ಅಲ್ಲ. ತಲೆಯ ಮೇಲೆ ಒಂದು ಕಾಯಿಲ್ ಹಿಡಿಯುತ್ತಾರೆ, ಸಾಮಾನ್ಯವಾಗಿ ಇಂಗ್ಲಿಷ್ ಎಂಟರ ಆಕಾರದ್ದು. ಅದರಲ್ಲಿ ಕ್ಷಣಮಾತ್ರ ಕರೆಂಟ್ ಹರಿದಾಗ ಹುಟ್ಟುವ ಕಾಂತಶಕ್ತಿ ತಲೆಬುರುಡೆ ದಾಟಿ, ಕೈಕಾಲು ಆಡಿಸುವ ಮಿದುಳಿನ ಭಾಗವನ್ನು ತಟ್ಟುತ್ತದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೋನಿ ಬಾರ್ಕರ್ ತಂಡ ಇದನ್ನು ಮೊದಲು ಮಾಡಿ ತೋರಿಸಿತು. ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿದ್ದು ಖಿನ್ನತೆಗೆ. ಪಾರ್ಕಿನ್ಸನ್‌ನ ಚಲನೆಗೆ ಸ್ವಲ್ಪ ಅನುಕೂಲ ಆಗುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ, ಆದರೆ ಆ ಅನುಕೂಲ ದೊಡ್ಡದಲ್ಲ, ಕೆಲವು ವಾರ ಅಥವಾ ತಿಂಗಳಲ್ಲಿ ಇಳಿಯುತ್ತದೆ, ಮತ್ತು ರೋಗ ಮುಂದುವರಿಯುವುದನ್ನು ಇದು ತಡೆಯುವುದಿಲ್ಲ. ಮಾತ್ರೆ ಬಿಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ಹಾಗಾಗಿ ಹಣ ಕಟ್ಟುವ ಮುಂಚೆ ಮನೆಯಲ್ಲೇ ರೋಗಿಯ ನಡಿಗೆ ಅಳೆದಿಡಿ. ಒಂದು ಗಟ್ಟಿ ಕುರ್ಚಿ ಹಾಕಿ, ಅಲ್ಲಿಂದ 3 ಮೀಟರ್ ದೂರಕ್ಕೆ ನೆಲದಲ್ಲಿ ಟೇಪ್ ಅಂಟಿಸಿ. ಎದ್ದು, ನಡೆದು, ಅಲ್ಲೇ ತಿರುಗಿ, ಬಂದು ಕೂರುವವರೆಗೆ ಮೊಬೈಲಿನ ಸ್ಟಾಪ್‌ವಾಚ್ ಓಡಲಿ. ಪಕ್ಕದಲ್ಲೇ ಒಬ್ಬರು ಇರಬೇಕು, ಜಾಸ್ತಿ ಬೀಳುವುದು ತಿರುಗುವಾಗಲೇ. ಸೆಕೆಂಡಿನ ಜೊತೆ ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಯಿತು ಅನ್ನುವುದನ್ನೂ ಬರೆಯಿರಿ. ಅದಿಲ್ಲದಿದ್ದರೆ ಲೆಕ್ಕವೇ ಸುಳ್ಳು: ನಮ್ಮಪ್ಪ ಮಾತ್ರೆ ಹತ್ತಿದ ಮೇಲೆ 16 ಸೆಕೆಂಡಿನಲ್ಲಿ ಬರುವ ದೂರಕ್ಕೆ, ಮಾತ್ರೆ ಇಳಿದಾಗ 40 ದಾಟಿದ್ದೂ ಇದೆ. ವಾರಕ್ಕೆ ಮೂರು ದಿನ, ಅದೇ ಹೊತ್ತಿಗೆ ಮಾಡಿ, ವಿಡಿಯೊ ಕೂಡ ತೆಗೆಯಿರಿ.

ನಮಗೆ ಈ ಬುದ್ಧಿ ತಡವಾಗಿ ಬಂತು. ಮೊದಲು ಹೋದ ಒಂದು ಕಡೆ ಎರಡು ತಾಸು ಕಾಯಿಸಿದರು, ಅಷ್ಟರಲ್ಲಿ ಮಾತ್ರೆ ಇಳಿದು ಅಪ್ಪ ಬಿಗಿದುಕೊಂಡರು, ಆ ಸ್ಥಿತಿಯನ್ನೇ ನೋಡಿ 20 ಸಿಟ್ಟಿಂಗ್ ಬೇಕು ಎಂದರು. ತಲೆಯಲ್ಲಿ ಲೋಹ ಇದೆಯಾ ಎಂದು ಒಬ್ಬರೂ ಕೇಳಲಿಲ್ಲ. ಅವರು ಕೇಳದಿದ್ದರೆ ನೀವೇ ಹೇಳಬೇಕು: ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಡಿಬಿಎಸ್, ಹಿಂದೆ ಯಾವತ್ತಾದರೂ ಫಿಟ್ಸ್ ಬಂದದ್ದು. ಹಲ್ಲಿನ ಫಿಲ್ಲಿಂಗ್‌ಗೆ ಹೆದರಬೇಡಿ.

ಹುಬ್ಬಳ್ಳಿ ಧಾರವಾಡದಲ್ಲಿ ನರರೋಗ ತಜ್ಞರಿದ್ದಾರೆ, ಮೊದಲು ಅವರನ್ನು ಕಂಡು ಮಾತ್ರೆಯ ಡೋಸ್, ಸಮಯ ಸರಿಮಾಡಿಸಿ. ಎಷ್ಟೋ ಸಲ ಅದರಲ್ಲೇ ಅರ್ಧ ಕೆಲಸ ಆಗುತ್ತದೆ. ಆಮೇಲೆ ಟಿಎಂಎಸ್ ಬಗ್ಗೆ ಕೇಳಿ: ಯಾವ ಭಾಗಕ್ಕೆ ಕೊಡುತ್ತೀರಿ, ಎಷ್ಟು ಸಿಟ್ಟಿಂಗ್, ಫಲ ಸಿಕ್ಕಿತು ಅಂತ ಹೇಗೆ ಅಳೆಯುತ್ತೀರಿ. ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಹಲವು ವಾರ ಹೋಗಬೇಕು. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ದಿನಾ ಬಸ್ಸಿನಲ್ಲಿ ಅಲುಗಾಡಿಸಿಕೊಂಡು ಹೋಗಿಬಂದರೆ ಸಿಕ್ಕ ಅನುಕೂಲ ದಾರಿಯಲ್ಲೇ ಕರಗುತ್ತದೆ, ಆದ್ದರಿಂದ ಉಳಿಯಲು ನೆಂಟರ ಮನೆ ಇದ್ದರೆ ಸಂಕೋಚ ಬಿಡಿ.

ಮೊದಲ ದಿನ ಡಾಕ್ಟರು ಹೆಬ್ಬೆರಳು ಚಟಕ್ಕೆಂದು ಕುಣಿಯುವವರೆಗೆ ಶಕ್ತಿ ಏರಿಸಿ ನೋಡುತ್ತಾರೆ. ಎಷ್ಟು ಕೊಡಬೇಕು ಅನ್ನುವುದು ಅದರಿಂದಲೇ ತೀರ್ಮಾನ ಆಗುತ್ತದೆ. ಟಕ್ ಟಕ್ ಸದ್ದು ಜೋರು, ಕಿವಿಗೆ ಇಯರ್‌ಪ್ಲಗ್ ಕೇಳಿ ಹಾಕಿಸಿ. ತಲೆನೋವು ಬರಬಹುದು. ಫಿಟ್ಸ್ ಬರುವುದು ಅಪರೂಪ, ಆದರೂ ಅದನ್ನು ಸಂಭಾಳಿಸಲು ಬಲ್ಲವರು ಅಲ್ಲಿರಬೇಕು.

ಆನ್‌ಲೈನಿನಲ್ಲಿ ಸಿಗುವ ಟಿಡಿಸಿಎಸ್ ಮಷೀನು, ಅಂದರೆ ಒದ್ದೆ ಸ್ಪಂಜಿಟ್ಟು 1ರಿಂದ 2 ಮಿಲಿಆಂಪ್ ಕರೆಂಟ್ ಕೊಡುವುದು, ಸುಮ್ನೆ ತರಿಸಿ ಪ್ರಯೋಗ ಮಾಡಬೇಡಿ. ಚರ್ಮ ಸುಡಬಹುದು. ಚಲನೆಗೆ ಅದರ ಪುರಾವೆಯೂ ಇನ್ನೂ ತೆಳು.

ಇನ್ನು ಹೊಸ್ತಿಲ ವಿಷಯ. ಅದರ ಮುಂದೆ ಒಂದೊಂದು ಹೆಜ್ಜೆ ಅಂತರಕ್ಕೆ ಬಣ್ಣದ ಟೇಪಿನ ಅಡ್ಡಗೆರೆ ಹಾಕಿದ್ದೇವೆ. ಕಾಲು ಅಂಟಿದಾಗ ಅಮ್ಮ ಹಿಂದಿನಿಂದ ತಳ್ಳುವುದಿಲ್ಲ, "ಗೆರಿ ದಾಟ್ರೀ, ಒಂದ್, ಎರಡ್" ಅನ್ನುತ್ತಾಳೆ, ಅಪ್ಪ ಗೆರೆ ನೋಡಿ ಕಾಲು ಎತ್ತುತ್ತಾರೆ. ಟೇಪಿಗೆ ಖರ್ಚಾದದ್ದು 40 ರೂಪಾಯಿ.