ಕರಾವಳಿಯ ತೇವದಲ್ಲಿ ಮರುಭೂಮಿಯ ಟ್ಯಾಂಕ್: 1/35 ಅಳತೆಯ ಟೈಪ್ 59 ಡಯೊರಾಮ ಕಟ್ಟುವ ಕ್ರಮ

ರಾಜಸ್ಥಾನದ ಲೋಂಗೆವಾಲಾದ ಮರಳಿನಲ್ಲಿ ಹೂತ ಟ್ಯಾಂಕಿನ ಡಯೊರಾಮವನ್ನು (ನೆಲ ಸಮೇತ ಕಟ್ಟಿದ ಪುಟ್ಟ ದೃಶ್ಯ) ಮಂಗಳೂರಿನಲ್ಲೋ ಉಡುಪಿಯಲ್ಲೋ ಕೂತು ಮಾಡುವವರಿಗೆ ತೇವ ಎರಡು ಕಡೆ ಅಡ್ಡ ಬರುತ್ತದೆ. ಬಣ್ಣ ಒಣಗುವಾಗ ಒಮ್ಮೆ. ಬಣ್ಣ ಆರಿಸುವ ಕಣ್ಣಿನಲ್ಲಿ ಇನ್ನೊಮ್ಮೆ. ಗೇಟು, ಗ್ರಿಲ್ಲು, ದೋಣಿಯ ಸರಪಳಿ ಒಂದೇ ಮಳೆಗಾಲಕ್ಕೆ ಕೆಂಪಗೆ ತುಕ್ಕು ಹಿಡಿಯುವುದನ್ನು ನೋಡಿ ಪಳಗಿದ ಕಣ್ಣು, ಥಾರ್‌ನ ಒಣ ಗಾಳಿಯಲ್ಲಿ ನಿಂತ ಉಕ್ಕಿಗೂ ಅದೇ ತುಕ್ಕು ಬಳಿದುಬಿಡುತ್ತದೆ. ಈ ಎರಡನ್ನೂ ಹಿಡಿತಕ್ಕೆ ತಂದುಕೊಂಡರೆ ಮಿಕ್ಕ ಕೆಲಸ ತಾಳ್ಮೆಯದ್ದು ಮಾತ್ರ.

ಸಂದರ್ಭ ಇದು: ಭಾರತ–ಪಾಕಿಸ್ತಾನ ಯುದ್ಧ, 1971ರ ಡಿಸೆಂಬರ್ 4ರ ರಾತ್ರಿಯಿಂದ 5ರ ಹಗಲು, ಜೈಸಲ್ಮೇರ್ ಜಿಲ್ಲೆಯ ಲೋಂಗೆವಾಲಾ ಠಾಣೆ. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಕೈಕೆಳಗೆ ಭಾರತೀಯ ಸೇನೆಯ 23 ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ ಅಲ್ಲಿತ್ತು. ಪಾಕಿಸ್ತಾನದ ಟೈಪ್ 59 ಮತ್ತು ಶೆರ್ಮನ್ ಟ್ಯಾಂಕುಗಳು ಮೆತ್ತನೆ ಮರಳಿನಲ್ಲಿ ಸಿಕ್ಕಿಬಿದ್ದವು, ಬೆಳಗಾದ ಮೇಲೆ ವಾಯುಪಡೆಯ ಹಂಟರ್ ವಿಮಾನಗಳು ಅವುಗಳ ಮೇಲೆ ಎರಗಿದವು. ವಿಮಾನದಿಂದ ತೆಗೆದ ಫೋಟೊಗಳಲ್ಲಿ ಟ್ಯಾಂಕುಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಮರಳಿನಲ್ಲಿ ಸುತ್ತಿ ಬಳಸಿದ ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಉಕ್ಕಿನ ಪಟ್ಟಿ) ಗುರುತುಗಳು. ನಿಮ್ಮ ಡಯೊರಾಮದಲ್ಲೂ ಆ ಗುರುತುಗಳಿಗೆ ಜಾಗ ಬೇಕು.

ಅಳತೆ ಮತ್ತು ಕಿಟ್

ಟೈಪ್ 59 ಎಂದರೆ ಸೋವಿಯತ್ ಟಿ-54ಎ ಆಧಾರದಲ್ಲಿ ಚೀನಾ ತಯಾರಿಸಿದ, ಸುಮಾರು 36 ಟನ್ ತೂಕದ ಟ್ಯಾಂಕ್. ಫಿರಂಗಿ ಸೇರಿ ಸುಮಾರು 9 ಮೀಟರ್ ಉದ್ದ, 3.27 ಮೀಟರ್ ಅಗಲ. 1/35ರಲ್ಲಿ, ಅಂದರೆ ನಿಜದ ಮೂವತ್ತೈದನೇ ಒಂದು ಪಾಲಿನಲ್ಲಿ, ಅದು 25.7 ಸೆಂ.ಮೀ. ಮತ್ತು 9.3 ಸೆಂ.ಮೀ. ಆಗುತ್ತದೆ. ಹಿಂದೆ ಸಾಕಷ್ಟು ಉದ್ದಕ್ಕೆ ಟ್ರ್ಯಾಕ್ ಗುರುತು ಕಾಣಬೇಕಾದ್ದರಿಂದ ತಳದ ಹಲಗೆ 36 × 25 ಸೆಂ.ಮೀ. ಇರಲಿ, ಟ್ಯಾಂಕನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕೂರಿಸಿ. ಅಂಚಿಗೆ ಸಮಾನಾಂತರವಾಗಿ ಇಟ್ಟರೆ ಅಂಗಡಿಯ ಶೋಕೇಸ್ ಕಾಣುತ್ತದೆ, ಯುದ್ಧಭೂಮಿ ಕಾಣುವುದಿಲ್ಲ.

ಟೈಪ್ 59 ಕಿಟ್ ಸಿಗದೆ ಟಿ-55 ಮಾತ್ರ ಸಿಕ್ಕರೂ ಕೆಲಸ ನಡೆಯುತ್ತದೆ. ಎರಡಕ್ಕೂ ಐದು ಚಕ್ರ, ಮೊದಲ ಮತ್ತು ಎರಡನೆಯ ಚಕ್ರದ ನಡುವೆ ಎದ್ದು ಕಾಣುವ ಅಂತರ. ದೊಡ್ಡ ವ್ಯತ್ಯಾಸ ಟರೆಟ್ಟಿನ (ಫಿರಂಗಿ ಹೊತ್ತು ತಿರುಗುವ ಗೋಪುರ) ನೆತ್ತಿಯಲ್ಲಿದೆ: ಟಿ-54 ಮತ್ತು ಟೈಪ್ 59ಕ್ಕೆ ಬಲಗಡೆ, ಗುಂಡು ತುಂಬುವ ಲೋಡರ್‌ನ ಮುಚ್ಚಳದ ಮುಂದೆ, ಗಾಳಿ ಎಳೆಯುವ ಫ್ಯಾನಿನ ಗುಮ್ಮಟ ಇರುತ್ತದೆ, ಟಿ-55ಕ್ಕೆ ಇಲ್ಲ. ಎಪಾಕ್ಸಿ ಪುಟ್ಟಿಯಲ್ಲಿ ಅದನ್ನು ಮಾಡಿ ಸೇರಿಸಿ. ಇದೊಂದನ್ನು ಬಿಟ್ಟರೆ ತಿಳಿದವರು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ಮಳೆಗಾಲದಲ್ಲಿ ಅಂಟಿಸಿ, ದೀಪಾವಳಿ ಕಳೆದು ಬಣ್ಣ ಹೊಡೆಯಿರಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯ ತೇವ ಎಷ್ಟೋ ದಿನ ಶೇ. 90 ದಾಟುತ್ತದೆ. ಲ್ಯಾಕರ್ ಬಣ್ಣ ಸ್ಪ್ರೇ ಮಾಡಿದಾಗ ಅದರ ದ್ರಾವಕ ಸರ್ರನೆ ಆರಿ ಮೇಲ್ಮೈಯನ್ನು ತಂಪಾಗಿಸುತ್ತದೆ, ಗಾಳಿಯ ನೀರು ಅಲ್ಲೇ ಕಟ್ಟಿ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ. ಸ್ಪ್ರೇ ಡಬ್ಬಿಗಳಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಹೊರಬರುವ ಅನಿಲವೇ ತಣ್ಣಗಿರುತ್ತದೆ. ಆದ್ದರಿಂದ ಕತ್ತರಿಸುವುದು, ಅಂಟಿಸುವುದು, ಉಜ್ಜುವುದು ಮಳೆಗಾಲಕ್ಕಿರಲಿ. ಸ್ಪ್ರೇ ಕೆಲಸ ನವೆಂಬರ್‌ನಿಂದ ಫೆಬ್ರವರಿಗೆ. ಕಾಯಲಾಗದವರು ಒಂದು ಸಣ್ಣ ತೇವಮಾಪಕ ಇಟ್ಟುಕೊಂಡು, ಬಾಗಿಲು ಮುಚ್ಚಿ ಎ.ಸಿ. ಹಾಕಿದ ಕೋಣೆಯಲ್ಲಿ ಶೇ. 65ಕ್ಕಿಂತ ಕೆಳಗೆ ಇಳಿದ ಮೇಲೆ ಹೊಡೆಯಿರಿ. ಮಬ್ಬು ಬಂದೇಬಿಟ್ಟರೆ ಉಜ್ಜಿ ತೆಗೆಯಲು ಹೋಗಬೇಡಿ. ಒಣ ದಿನ ನೋಡಿ ರಿಟಾರ್ಡರ್ (ಒಣಗುವುದನ್ನು ನಿಧಾನಿಸುವ ದ್ರವ) ಬೆರೆತ ಲ್ಯಾಕರ್ ತಿನ್ನರ್ ಅನ್ನು ಹಗುರವಾಗಿ ಹಾಯಿಸಿದರೆ ಬಣ್ಣ ಮತ್ತೆ ಕರಗಿ ನೀರನ್ನು ಬಿಟ್ಟುಕೊಡುತ್ತದೆ.

ಏರ್‌ಬ್ರಷ್‌ಗೆ (ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಸಾಧನ) ಗಾಳಿ ಕೊಡುವ ಕಂಪ್ರೆಸರ್‌ಗೆ ನೀರು ಹಿಡಿಯುವ ಟ್ರ್ಯಾಪ್ ಇಲ್ಲಿ ಕಡ್ಡಾಯ. ಏರ್‌ಬ್ರಷ್‌ನ ಬುಡದಲ್ಲೇ ಇನ್ನೊಂದು ಚಿಕ್ಕ ಟ್ರ್ಯಾಪ್ ಇದ್ದರೆ ಒಳ್ಳೆಯದು, ಏಕೆಂದರೆ ಪೈಪಿನೊಳಗೂ ನೀರು ಕಟ್ಟುತ್ತದೆ. ಸೂಪರ್ ಗ್ಲೂ ಗಾಳಿಯ ತೇವದಿಂದಲೇ ಗಟ್ಟಿಯಾಗುವ ಅಂಟು, ತೆರೆದ ಬಾಟಲಿ ಕರಾವಳಿಯಲ್ಲಿ ಬೇಗ ಕಲ್ಲಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಡಬ್ಬದಲ್ಲಿಡಿ.

ಜೋಡಣೆ

ಅಚ್ಚಿನ ಎಣ್ಣೆಯ ಜಿಡ್ಡು ಹೋಗುವಂತೆ ಸ್ಪ್ರೂಗಳನ್ನು (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ರಾತ್ರಿಯಿಡೀ ಫ್ಯಾನಿನ ಕೆಳಗೆ ಒಣಗಿಸಿ. ನಿಪ್ಪರ್‌ನಲ್ಲಿ ಕತ್ತರಿಸುವಾಗ ಭಾಗಕ್ಕೆ 1–2 ಮಿ.ಮೀ. ಬಿಟ್ಟು ಕತ್ತರಿಸಿ, ಉಳಿದುದನ್ನು ಬ್ಲೇಡಿನಿಂದ ತೆಗೆದು 400, 600, 800ರ ವಾಟರ್ ಪೇಪರ್‌ನಲ್ಲಿ ನೀರು ಹಚ್ಚಿ ಉಜ್ಜಿ. ಒಂದೇ ಏಟಿಗೆ ಬುಡಕ್ಕೆ ಕತ್ತರಿಸಿದರೆ ಪ್ಲಾಸ್ಟಿಕ್ ಹಿಸಿದು ಗುಳಿ ಬೀಳುತ್ತದೆ.

ಫಿರಂಗಿಯ ನಳಿಗೆ ಎರಡು ಹೋಳಾಗಿ ಬಂದಿದ್ದರೆ ಅಂಟು ಸಂದಿಯಿಂದ ಸ್ವಲ್ಪ ಉಕ್ಕುವಷ್ಟು ಹಚ್ಚಿ ಒತ್ತಿ, 24 ಗಂಟೆ ಮುಟ್ಟಬೇಡಿ. ಒಳಗಿನ ಪ್ಲಾಸ್ಟಿಕ್ ಮೆದುವಾಗಿರುವಾಗ ಉಜ್ಜಿದರೆ ಆಮೇಲೆ ಸಂದಿ ಕುಗ್ಗಿ ಗೆರೆ ಮತ್ತೆ ಕಾಣುತ್ತದೆ. ಟರೆಟ್ಟು ಎರಕ ಹೊಯ್ದದ್ದು, ಮೈ ಒರಟು: ತೆಳು ಸಿಮೆಂಟ್ ಅಂಟು ಬಳಿದು, ಮೆದುವಾದ ತಕ್ಷಣ ಹಳೆಯ ಗಡಸು ಬ್ರಷ್ಷಿನ ತುದಿಯಿಂದ ಕುಟ್ಟಿ ಒರಟು ಎಬ್ಬಿಸಿ. ಹಲ್ (ಟ್ಯಾಂಕಿನ ಕೆಳಮೈ) ಉಕ್ಕಿನ ಹಾಳೆಯದ್ದು, ಅಲ್ಲಿ ಈ ಕೆಲಸ ಬೇಡ.

ಟ್ರ್ಯಾಕಿನ ವಿಷಯದಲ್ಲಿ ಅವಸರ ಬೇಡವೇ ಬೇಡ. ಈ ಟ್ಯಾಂಕಿಗೆ ಮೇಲಿನ ಸುತ್ತನ್ನು ಎತ್ತಿಹಿಡಿಯುವ ಪುಟ್ಟ ಗಾಲಿಗಳಿಲ್ಲ. ಟ್ರ್ಯಾಕ್ ಚಕ್ರಗಳ ನೆತ್ತಿಯ ಮೇಲೆಯೇ ಮಲಗಿ ನಡುನಡುವೆ ಜೋತುಬೀಳುತ್ತದೆ. ಕಿಟ್‌ನ ರಬ್ಬರಿನಂಥ ಟ್ರ್ಯಾಕ್ ಬಿಗಿಯಾಗಿ ನಿಂತು ಇಡೀ ಟ್ಯಾಂಕನ್ನು ಆಟಿಕೆ ಮಾಡಿಬಿಡುತ್ತದೆ. ಚಕ್ರದ ನೆತ್ತಿಗೆ ಸೂಪರ್ ಗ್ಲೂ ಹನಿಸಿ, ಮೇಲೆ ಹತ್ತಿ ತುರುಕಿ ಒತ್ತಿಟ್ಟು ಗಟ್ಟಿಯಾಗಲು ಬಿಡಿ. ತುಂಡು ತುಂಡು ಪ್ಲಾಸ್ಟಿಕ್ ಟ್ರ್ಯಾಕ್ ಆದರೆ ಅಂಟು ಅರೆ ಒಣಗಿರುವಾಗ, ಅರ್ಧ ಗಂಟೆಯೊಳಗೆ, ಸುತ್ತಿ ಬಾಗಿಸಿ.

ಹಲ್ ಮುಚ್ಚುವ ಮೊದಲು ತಳದಲ್ಲಿ ಎರಡು ತೂತು ಕೊರೆದು, ಒಳಗಡೆ ಎಂ3 ನಟ್ಟುಗಳನ್ನು ಅರಾಲ್ಡೈಟ್‌ನಿಂದ ಕೂರಿಸಿ. ಪ್ಲಾಸ್ಟಿಕ್ಕಿಗೆ ಭಾರವೇ ಇಲ್ಲ. ಹಲಗೆಯಡಿಯಿಂದ ಬೋಲ್ಟ್ ಹಾಕಿ ಎಳೆದರೆ ಮಾತ್ರ 36 ಟನ್ ಮರಳಿಗೆ ಇಳಿದ ಹಾಗೆ ಕೂರುತ್ತದೆ.

ಬಣ್ಣ

ಇಲ್ಲಿ ಹಸಿರು ಮೂಲಬಣ್ಣವನ್ನು ಇಟ್ಟುಕೊಂಡಿದೆ. ಸ್ಮಾರಕಗಳಲ್ಲಿ ನಿಲ್ಲಿಸಿದ ಟ್ಯಾಂಕುಗಳಿಗೆ ಆಮೇಲೆ ಬಣ್ಣ ಬಳಿದಿರುತ್ತಾರೆ, ಅದನ್ನು ನೋಡಿ ಛಾಯೆ ಹೊಂದಿಸಬೇಡಿ. ಆ ಕಾಲದ ಫೋಟೊ ನಂಬಿ.

ಬೂದು ಪ್ರೈಮರ್ ಮೊದಲು. ಸಂದಿ, ಗೀರು, ಬೆರಳಚ್ಚು ಎಲ್ಲವೂ ಆಗ ಹೊರಗೆ ಬರುತ್ತವೆ, ಸರಿಪಡಿಸಿ ಮತ್ತೆ ಪ್ರೈಮರ್ ಹೊಡೆಯಿರಿ. ಅದರ ಮೇಲೆ ಚಕ್ರಗಳ ಹಿಂದೆ, ಫೆಂಡರ್ (ಟ್ರ್ಯಾಕಿನ ಮೇಲಿನ ತಗಡು) ಅಡಿ, ಟರೆಟ್ಟಿನ ಕೆಳಗೆ ಕಪ್ಪು-ಕಂದು ನೆರಳು. ಟಮಿಯಾ ಅಕ್ರಿಲಿಕ್ ಆದರೆ ಬಣ್ಣಕ್ಕೆ ಸಮಸಮ ತಿನ್ನರ್ ಸೇರಿಸಿ ನೀರುದೋಸೆ ಹಿಟ್ಟಿನಷ್ಟು ತೆಳು ಮಾಡಿ, ಏರ್‌ಬ್ರಷ್‌ಗೆ 0.3 ಮಿ.ಮೀ. ನಾಜಲ್, 15–18 ಪಿಎಸ್‌ಐ ಒತ್ತಡ, 8–10 ಸೆಂ.ಮೀ. ದೂರ. ಎಕ್ಸ್‌ಎಫ್-61 ಗಾಢ ಹಸಿರನ್ನು ನಾಲ್ಕೈದು ತೆಳು ಪದರಗಳಲ್ಲಿ ಕಟ್ಟಿ, ನಂತರ ಅದಕ್ಕೇ ಐದಕ್ಕೆ ಒಂದು ಪಾಲು ಎಕ್ಸ್‌ಎಫ್-57 ಬಫ್ ಬೆರೆಸಿ ಹಾಳೆಗಳ ನಡುಭಾಗಕ್ಕೂ ಟರೆಟ್ಟಿನ ನೆತ್ತಿಗೂ ಹಾಯಿಸಿ. ಮೈ ಒರಟಾಗಿ ಹೊಯ್ಗೆ (ಮರಳು) ಉದುರಿದಂತೆ ಕಂಡರೆ ಬಣ್ಣ ಗಾಳಿಯಲ್ಲೇ ಒಣಗುತ್ತಿದೆ ಎಂದರ್ಥ: ದೂರ ಕಡಿಮೆ ಮಾಡಿ, ಇಲ್ಲವೇ ತಿನ್ನರ್ ಹೆಚ್ಚಿಸಿ. ಜೇಡನ ಕಾಲಿನಂತೆ ಹರಿದರೆ ತೆಳುವಾಗಿದೆ, ಒತ್ತಡ ಇಳಿಸಿ. ಮಾಸ್ಕ್ ಹಾಕಿಯೇ ಹೊಡೆಯಿರಿ, ದ್ರಾವಕದ ಆವಿ ತಡೆಯುವ ಕಾರ್ಟ್ರಿಜ್ ಇರುವಂಥದ್ದು.

ನಂಬರಿನ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಹಚ್ಚುವ ಜಾಗಕ್ಕೆ ಹೊಳಪಿನ (ಗ್ಲಾಸಿ) ವಾರ್ನಿಷ್ ಬೇಕು. ಮ್ಯಾಟ್ ಮೇಲ್ಮೈಯ ಗುಂಡಿಗಳಲ್ಲಿ ಗಾಳಿ ಸಿಕ್ಕಿಕೊಂಡೇ ಡೆಕಾಲ್ ಬೆಳ್ಳಗೆ ಮಿನುಗುವುದು. ವಾರ್ನಿಷ್ ಎರಡು ದಿನ ಒಣಗಲಿ. ಆಮೇಲೆ ಬರ್ನ್ಟ್ ಅಂಬರ್ ಆಯಿಲ್ ಬಣ್ಣ ಒಂದು ಪಾಲು, ವೈಟ್ ಸ್ಪಿರಿಟ್ ಹತ್ತು ಪಾಲು ಕಲಸಿ, ನವಿರು ಬ್ರಷ್ಷಿನ ತುದಿಯಿಂದ ಬೋಲ್ಟು, ಬೆಸುಗೆ, ಸಂದಿಗಳಿಗೆ ಮಾತ್ರ ಮುಟ್ಟಿಸಿ. ಇಡೀ ಮೈಗೆ ಬಳಿಯಬೇಡಿ, ಬಣ್ಣ ಮಂಕಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಟರ್ಪೆಂಟೈನ್ ಇಲ್ಲಿ ಬೇಡ, ಬಿಗಿಯಾಗಿ ಅಂಟಿಸಿದ ಚಕ್ರದ ಅಚ್ಚುಗಳು ಅದು ತಗುಲಿದರೆ ಬಿರುಕು ಬಿಡಬಹುದು.

ತುಕ್ಕು ಎಲ್ಲಿ, ಧೂಳು ಎಲ್ಲಿ

ಮರುಭೂಮಿಯಲ್ಲಿ ಬಣ್ಣ ಕಿತ್ತ ಜಾಗ ತಕ್ಷಣ ಕಿತ್ತಳೆ ಬಣ್ಣಕ್ಕೆ ತಿರುಗುವುದಿಲ್ಲ, ಕಡು ಕಂದಾಗಿ ನಿಲ್ಲುತ್ತದೆ. ಆದ್ದರಿಂದ ಸ್ಪಂಜಿನ ಚೂರಿನಿಂದ ಕಡು ಕಂದು ಚುಕ್ಕೆಗಳನ್ನು ಸಿಬ್ಬಂದಿ ಹತ್ತಿ ಇಳಿಯುವ ಫೆಂಡರ್ ಅಂಚು, ಮುಚ್ಚಳಗಳ ಸುತ್ತು, ಎಳೆಯುವ ಕೊಕ್ಕೆಗಳಿಗೆ ಮಾತ್ರ ಕೊಡಿ. ನಿಜವಾದ ತುಕ್ಕಿಗೆ ಒಂದೇ ಜಾಗ: ಎಡಗಡೆಯ ಫೆಂಡರ್‌ನ ಹಿಂಭಾಗದಲ್ಲಿರುವ ಎಕ್ಸಾಸ್ಟ್. ಬಿಸಿಗೆ ಅಲ್ಲಿಯ ಬಣ್ಣ ಸುಟ್ಟು ಹೋಗಿರುತ್ತದೆ. ಅದಕ್ಕೆ ನಮ್ಮ ಮುರಕಲ್ಲಿನ ಹುಡಿಯೇ ಸಾಕು; ಕಬ್ಬಿಣದ ಆಕ್ಸೈಡ್ ತುಂಬಿದ ಕಲ್ಲು ಅದು. ಕುಟ್ಟಿ, ವಸ್ತ್ರಗಾಳಿತ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕದಡಿ ಮುಟ್ಟಿಸಿ. ಒಣಗಿದ ಮೇಲೆ ಬಾಯಿಯ ಸುತ್ತ ಕಪ್ಪು ಮಸಿ.

ಧೂಳಿಗೆ ಜಾಗ ಬೇಕಾದಷ್ಟಿದೆ. ಮಟ್ಟಸವಾದ ಭಾಗಗಳು, ಮೂಲೆಗಳು, ಚಕ್ರಗಳು, ಹಲ್‌ನ ಕೆಳಪಾರ್ಶ್ವ. ಮಂಕು ಹಳದಿಯ ಪಿಗ್‌ಮೆಂಟ್ (ಬಣ್ಣದ ಹುಡಿ) ಒಣದಾಗಿ ಹಾಕಿ, ಬ್ರಷ್ಷಿನ ತುದಿಯಿಂದ ಆಲ್ಕೊಹಾಲ್ ತಾಗಿಸಿ ಹರಿಯಬಿಟ್ಟು, ಒಣಗಿದ ಮೇಲೆ ಹೆಚ್ಚಿದ್ದನ್ನು ಒರೆಸಿ. ಕಾಲಿಡುವ, ಕೈ ಊರುವ ಜಾಗದಲ್ಲಿ ಹಸಿರು ಮತ್ತೆ ಕಾಣುವಂತೆ ಒರೆಸಿದರೆ ಒಳಗೆ ಮನುಷ್ಯರಿದ್ದರೆಂದು ತಿಳಿಯುತ್ತದೆ.

ಹೊಯ್ಗೆ

12 ಮಿ.ಮೀ. ಮರೈನ್ ಪ್ಲೈವುಡ್ ತೆಗೆದುಕೊಂಡು ಎರಡೂ ಮಗ್ಗುಲಿಗೆ, ಅಂಚಿಗೂ ವಾರ್ನಿಷ್ ಹೊಡೆಯಿರಿ. ಒಂದೇ ಕಡೆ ಹೊಡೆದರೆ ಇನ್ನೊಂದು ಕಡೆ ತೇವ ಕುಡಿದು ಹಲಗೆ ಬಾಗುತ್ತದೆ. ಮೇಲೆ 25 ಮಿ.ಮೀ. ಎಕ್ಸ್‌ಪಿಎಸ್ ಫೋಮ್ (ಥರ್ಮೊಕೋಲಿಗಿಂತ ಒತ್ತಾದ ಹಗುರ ಹಲಗೆ) ಅಂಟಿಸಿ. ಲ್ಯಾಕರ್ ಸ್ಪ್ರೇ ಫೋಮನ್ನೂ ಥರ್ಮೊಕೋಲನ್ನೂ ಕರಗಿಸಿಬಿಡುತ್ತದೆ, ಮೊದಲು ಫೆವಿಕಾಲ್ ಪದರ ಕೊಡಿ.

ಟ್ಯಾಂಕಿನ ಹೊಟ್ಟೆ ನೆಲದಿಂದ 425 ಮಿ.ಮೀ. ಎತ್ತರ, ಅಂದರೆ ಮಾದರಿಯಲ್ಲಿ 12 ಮಿ.ಮೀ. ಟ್ರ್ಯಾಕನ್ನು ಎಳೆಯುವ ಹಲ್ಲಿನ ಚಕ್ರ ಹಿಂದೆ ಇರುವುದರಿಂದ ಹಿಂಭಾಗ ಹೆಚ್ಚು ಅಗೆಯುತ್ತದೆ: ಹಿಂದೆ 12, ಮುಂದೆ 8 ಮಿ.ಮೀ. ಹೂಳಿ. ಫೋಮಿನಲ್ಲಿ ಎರಡು ಕಾಲುವೆ ಕೊರೆದು, ಟ್ಯಾಂಕನ್ನು ಬೋಲ್ಟಿನಿಂದ ಎಳೆದು ನೋಡಿ, ಸರಿ ಕಂಡ ಮೇಲೆ ಬಿಚ್ಚಿ ನೆಲದ ಕೆಲಸ ಮಾಡಿ. ಹಲಗೆ, ಫೋಮ್ ಎರಡನ್ನೂ ದಾಟಲು 50 ಮಿ.ಮೀ. ಉದ್ದದ ಬೋಲ್ಟ್ ಬೇಕು.

ಪಣಂಬೂರು, ಮಲ್ಪೆಯ ಕಡಲ ಹೊಯ್ಗೆ ಬೇಡ. ಅದರ ಉಪ್ಪು ಮಳೆಗಾಲದಲ್ಲಿ ನೀರೆಳೆದು ಬೆಳ್ಳಗೆ ಉಬ್ಬುತ್ತದೆ. ಹೊಳೆಯ ಹೊಯ್ಗೆ ತೆಗೆದುಕೊಂಡು ತೊಳೆದು, ಹಳೆ ಬಾಣಲೆಯಲ್ಲಿ ಹುರಿದು, ತೆಳು ಬಟ್ಟೆಯಲ್ಲಿ ಜಾಲಿಸಿ ನವಿರಾದುದನ್ನು ಮಾತ್ರ ಉಳಿಸಿಕೊಳ್ಳಿ. 0.3 ಮಿ.ಮೀ. ಕಾಳು 1/35ರಲ್ಲಿ ಒಂದು ಸೆಂ.ಮೀ. ಜಲ್ಲಿಯಾಗುತ್ತದೆ, ಆಗ ಮರುಭೂಮಿ ಹೋಗಿ ರೈಲು ಹಳಿಯ ಬದಿ ಆಗುತ್ತದೆ.

ಫೆವಿಕಾಲ್, ಹೊಯ್ಗೆ, ಸ್ವಲ್ಪ ಮಂಕು ಹಳದಿ ಅಕ್ರಿಲಿಕ್ ಬಣ್ಣ ಕಲಸಿ 3–4 ಮಿ.ಮೀ. ದಪ್ಪ ಹರಡಿ. ಹಸಿಯಿರುವಾಗಲೇ ಮಿಕ್ಕ ಟ್ರ್ಯಾಕ್ ತುಂಡನ್ನು ನೀರಿಗೆ ಅದ್ದಿ ಒತ್ತಿ ಗುರುತು ಮೂಡಿಸಿ. ಟ್ಯಾಂಕ್ ಹತ್ತಿರವಾದಂತೆ ಗುರುತು ಆಳವಾಗಿ, ಅಂಚು ಕುಸಿದು, ಕೊನೆಗೆ ಅಚ್ಚೇ ಕಾಣದ ಗುಂಡಿಯಾಗಬೇಕು. ಗಾಳಿಯ ಅಲೆಗಳನ್ನು 2–4 ಮಿ.ಮೀ. ಅಂತರದಲ್ಲಿ ಬ್ರಷ್ಷಿನಿಂದ ಎಳೆಯಿರಿ, ಒಂದು ಮಗ್ಗುಲು ಇಳಿಜಾರು, ಇನ್ನೊಂದು ಕಡಿದು. ಅಲೆಗಳು ಟ್ರ್ಯಾಕ್ ಗುರುತನ್ನು ದಾಟಬಾರದು. ದಾಟಿದರೆ ಟ್ಯಾಂಕ್ ಬಂದು ಬಹಳ ದಿನವಾಗಿದೆ ಎಂದಾಗುತ್ತದೆ. ಮೇಲೆ ಒಣ ಹೊಯ್ಗೆ ಉದುರಿಸಿ, ಆಲ್ಕೊಹಾಲ್ ಸಿಂಪಡಿಸಿ, ಒಂದಕ್ಕೆ ಎರಡು ನೀರು ಬೆರೆಸಿದ ಫೆವಿಕಾಲ್ ಹನಿಸಿ. ಆಲ್ಕೊಹಾಲ್ ಇಲ್ಲದೆ ಹನಿಸಿದರೆ ಅಂಟು ಉಂಡೆಗಟ್ಟಿ ಗುಂಡಿ ಬೀಳುತ್ತದೆ. ಕುರುಚಲು ಗಿಡಕ್ಕೆ ಲಾವಂಚದ ಬೇರು, ಒಣಹುಲ್ಲಿಗೆ ತೆಂಗಿನ ನಾರು, ಒಂದೆರಡು ಕಡೆ ಮಾತ್ರ. ಪಕ್ಕದಲ್ಲಿ ಸೈನಿಕನನ್ನು ನಿಲ್ಲಿಸುವುದಾದರೆ ಎತ್ತರ 48 ಮಿ.ಮೀ. ಆಸುಪಾಸು.

ಒಂದು ವಾರ ಪೂರ್ತಿ ಒಣಗದೆ ಪೆಟ್ಟಿಗೆ ಮುಚ್ಚಬೇಡಿ. ಒಳಗೆ ಸಿಕ್ಕ ತೇವದಿಂದ ಫೆವಿಕಾಲ್ ಮೇಲೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಕಂಡರೆ ಬ್ರಷ್ಷಿನಿಂದ ತೆಗೆದು, ಆಲ್ಕೊಹಾಲ್ ಸಿಂಪಡಿಸಿ, ಒಣಗಿದ ಮೇಲೆ ಮ್ಯಾಟ್ ವಾರ್ನಿಷ್ ಹಾಯಿಸಿ. 3 ಮಿ.ಮೀ. ಅಕ್ರಿಲಿಕ್ ಪೆಟ್ಟಿಗೆಯ ತಳದಲ್ಲಿ, ಹಲಗೆಯಡಿ ಕಾಣದಂತೆ, 50 ಗ್ರಾಂ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾಗುವ ಜಾತಿಯದ್ದಾದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕೆಂದು ಅದೇ ತೋರಿಸುತ್ತದೆ. ಮಳೆ ಜೋರಿರುವ ಆಟಿ ತಿಂಗಳಲ್ಲಿ ವಾರಕ್ಕೊಮ್ಮೆ ನೋಡಿಕೊಳ್ಳಿ.