ಒಗ್ಗರಣೆಗೆ ಮೊದಲು ಚುಕ್ಕಿಯ ಪಾಲು

ಚುಕ್ಕಿಯನ್ನು ಮನೆಗೆ ತಂದಾಗ ಅವಳು ಎರಡು ಅಂಗೈಯಲ್ಲಿ ಹಿಡಿಸುವಷ್ಟಿದ್ದಳು. ಕಾರವಾರದ ಬೈತಖೋಲ ಬಂದರಿನ ಹತ್ತಿರ ಬಲೆಯ ರಾಶಿ ಮೇಲೆ ಮಲಗಿದ್ದ ನಾಡುನಾಯಿ ಮರಿ. ಮೂರು ವರ್ಷ ತುಂಬುವಾಗ ಅವಳ ತೂಕ 18 ಕಿಲೋ ಆಗಿತ್ತು. ಲಸಿಕೆಗೆಂದು ಕರೆದುಕೊಂಡು ಹೋದಾಗ ಪಶುವೈದ್ಯರು ಅವಳ ಪಕ್ಕೆ ಮೇಲೆ ಕೈಯಾಡಿಸಿ, ‘ಇಲ್ಲಿ ಮುಟ್ಟಿ ನೋಡಿ, ಎಲುಬು ಸಿಗುತ್ತಾ?’ ಅಂದರು. ಒತ್ತಿದರೂ ಸಿಗಲಿಲ್ಲ. ಸರಿಯಾದ ತೂಕದ ನಾಯಿಯ ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಆದರೆ ಹಗುರಾಗಿ ಬೆರಳಾಡಿಸಿದರೆ ಎಣಿಸಲು ಬರಬೇಕು. ಚುಕ್ಕಿ 14 ಕಿಲೋ ಆಸುಪಾಸಿನಲ್ಲಿ ಇರಬೇಕಿತ್ತು.

ಮನೆಗೆ ಬಂದು ಒಂದು ದಿನ ಪೂರ್ತಿ ಅವಳ ಬಾಯಿಗೆ ಏನೇನು ಹೋಗುತ್ತದೆ ಅಂತ ಬರೆದಿಟ್ಟೆ. ಎರಡು ಹೊತ್ತು ಊಟ ಸರಿ. ಆದರೆ ಬೆಳಗಿನ ಚಹಾಕ್ಕೆ ಮಾವನ ಕೈಯಿಂದ ನಾಲ್ಕು ಗ್ಲೂಕೋಸ್ ಬಿಸ್ಕತ್ತು, ಮಗ ಶಾಲೆಗೆ ಹೊರಡುವಾಗ ಎರಡು, ಪಕ್ಕದ ಮನೆಯಲ್ಲಿ ಎರಡು, ಸಂಜೆ ಮತ್ತೆ ನಾಲ್ಕು. ಒಟ್ಟು 12. ಒಂದಕ್ಕೆ ಸುಮಾರು 20 ಕ್ಯಾಲೊರಿ ಹಿಡಿದರೂ 240 ಆಯಿತು. ಯಾರೂ ಜಾಸ್ತಿ ಕೊಟ್ಟಿರಲಿಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟಿದ್ದರು.

ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಅಂತ ಲೆಕ್ಕ ಹಾಕುವುದನ್ನು ವೈದ್ಯರೇ ಹೇಳಿಕೊಟ್ಟರು. ನಾಯಿಯ ಸರಿಯಾದ ತೂಕದ 0.75ನೇ ಘಾತವನ್ನು 70ರಿಂದ ಗುಣಿಸಬೇಕು. ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಆಗುತ್ತದೆ, ತೂಕವನ್ನು ತೂಕದಿಂದಲೇ ಎರಡು ಸಲ ಗುಣಿಸಿ, ಬಂದದ್ದಕ್ಕೆ ಎರಡು ಸಲ ವರ್ಗಮೂಲ ಒತ್ತಿದರೆ ಆ ಘಾತ ಸಿಗುತ್ತದೆ. 14 ಕಿಲೋಗೆ ಸುಮಾರು 507 ಬರುತ್ತದೆ, ನಾಯಿ ಸುಮ್ಮನೆ ಮಲಗಿದ್ದರೂ ಬೇಕಾಗುವ ಕ್ಯಾಲೊರಿ ಅದು. ಸಂತಾನಹರಣ ಆಪರೇಷನ್ ಆದ, ಪೂರ್ತಿ ಬೆಳೆದ ನಾಯಿಗೆ ಅದನ್ನು 1.6ರಿಂದ ಗುಣಿಸಿದರೆ ದಿನಕ್ಕೆ ಸುಮಾರು 800 ಕ್ಯಾಲೊರಿ. ಬಿಸ್ಕತ್ತು, ತಿಂಡಿ, ತರಬೇತಿಗೆ ಕೊಡುವ ತುಣುಕು ಎಲ್ಲ ಸೇರಿ ಇದರ ಹತ್ತನೇ ಒಂದು ಭಾಗ ದಾಟಬಾರದು. ಅಂದರೆ 80. ನಾವು ಅದರ ಮೂರು ಪಟ್ಟು ಕೊಡುತ್ತಿದ್ದೆವು.

ಮೊದಲು ನಾನು ಪ್ಯಾಕೆಟ್ ಆಹಾರ ಪೂರ್ತಿ ಬಿಟ್ಟು, ಮನೆ ಅಡುಗೆಯೇ ಸಾಕು ಅಂದುಕೊಂಡೆ. ಅತ್ತೆಗೂ ಅದೇ ಇಷ್ಟ. ‘ನಮ್ಮ ಕಾಲದ ನಾಯಿಗಳು ಗಂಜಿ ಕುಡಿದೇ ಬದುಕಲಿಲ್ವಾ?’ ಅಂದರು. ನಿಜ, ಬದುಕಿದ್ದವು. ಆದರೆ ಅವು ಇಡೀ ದಿನ ದಂಡೆ ಮೇಲೆ ತಿರುಗಿ ಮೀನಿನ ತಲೆ, ಏಡಿ, ಇಲಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತಿದ್ದವು. ಗಂಜಿ ಅವುಗಳ ಊಟದ ಒಂದು ಪಾಲು ಅಷ್ಟೇ. ಚುಕ್ಕಿ ಇರುವುದು ಗೇಟಿನ ಒಳಗೆ. ನಾವು ಹಾಕಿದ್ದೇ ಅವಳಿಗೆ ಎಲ್ಲ. ಅನ್ನ, ಮಾಂಸ ಎರಡೇ ಆದರೆ ರಂಜಕ ಜಾಸ್ತಿ ಆಗಿ ಕ್ಯಾಲ್ಸಿಯಂ ಸಾಲದು. ಬರಬರುತ್ತಾ ಶರೀರ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆಯಲು ಶುರು ಮಾಡುತ್ತದೆ. ಬೆಳೆಯುವ ಮರಿಗಳಿಗಂತೂ ಇದು ಬಹಳ ಅಪಾಯ. ಹಾಗಾಗಿ ವೈದ್ಯರ ಸಲಹೆಯಂತೆ ಬೆಳಿಗ್ಗೆ ಪ್ಯಾಕೆಟ್ ಆಹಾರ, ಸಂಜೆ ಮನೆ ಊಟ ಅಂತ ಮಾಡಿಕೊಂಡೆ. ಅರ್ಧಕ್ಕಿಂತ ಜಾಸ್ತಿ ಕ್ಯಾಲೊರಿ ಪ್ಯಾಕೆಟ್‌ನಿಂದಲೇ ಬರಬೇಕು ಅಂತ ಅವರು ಒತ್ತಿ ಹೇಳಿದರು.

ಪ್ಯಾಕೆಟ್ ಕೊಳ್ಳುವಾಗ ಮುಂಭಾಗದ ಚಿತ್ರ ನೋಡುವುದನ್ನು ಬಿಟ್ಟಿದ್ದೇನೆ. ಹಿಂದೆ ತಿರುಗಿಸಿ, ಅದು ಸಂಪೂರ್ಣ ಸಮತೋಲಿತ ಆಹಾರವೋ ಬರೀ ತಿಂಡಿಯೋ, ಯಾವ ವಯಸ್ಸಿನ ನಾಯಿಗೆ, 100 ಗ್ರಾಮಿಗೆ ಎಷ್ಟು ಕ್ಯಾಲೊರಿ ಅಂತ ನೋಡುತ್ತೇನೆ. ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಬರೆದಿರುತ್ತಾರೆ, ಮೊದಲ ಹೆಸರು ಅತಿ ಹೆಚ್ಚು ಇರುವುದರದ್ದು. ನಾವು ತರುವುದರಲ್ಲಿ 100 ಗ್ರಾಮಿಗೆ 350 ಕ್ಯಾಲೊರಿ ಇದೆ. ಬೆಳಿಗ್ಗೆ 120 ಗ್ರಾಂ ತೂಗಿ ಹಾಕಿದರೆ 420. ಲೋಟದ ಅಳತೆ ನಂಬಬೇಡಿ, ಅಡುಗೆಮನೆ ತಕ್ಕಡಿ ಇಟ್ಟುಕೊಳ್ಳಿ. ಇನ್ನೊಂದು ಮಾತು, ಬಾಯಿ ತೆರೆದ ಚೀಲದಿಂದ ಬಿಡಿಯಾಗಿ ತೂಗಿ ಕೊಡುವುದನ್ನು ನಮ್ಮ ಕರಾವಳಿಯಲ್ಲಿ ತರಲೇಬಾರದು. ಇಲ್ಲಿಯ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಅದು ಉಳಿಯುತ್ತದಾ? ಬೂಷ್ಟು ಹಿಡಿದ ಧಾನ್ಯದಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ನಾಯಿಯ ಯಕೃತ್ತನ್ನೇ ಹಾಳು ಮಾಡುತ್ತದೆ. ನಾನು ಸಣ್ಣ ಪ್ಯಾಕೆಟ್ ತಂದು, ಅದೇ ಚೀಲದ ಬಾಯಿ ಮಡಚಿ ಬಿಗಿ ಮುಚ್ಚಳದ ಡಬ್ಬದೊಳಗೆ ಇಡುತ್ತೇನೆ.

ಸಂಜೆಯ ಊಟಕ್ಕೆ ನಮ್ಮ ಮಾರುಕಟ್ಟೆ ಸಾಕು. ಚುಕ್ಕಿಗೆ ತಾರ್ಲೆ, ಅಂದರೆ ಬೂತಾಯಿ ಮೀನು, ಅಂದರೆ ಪ್ರಾಣ. ಅಗ್ಗ, ಒಮೆಗಾ-3 ಕೊಬ್ಬು ಚೆನ್ನಾಗಿದೆ, ಸಣ್ಣ ಮೀನಾದ್ದರಿಂದ ಪಾದರಸವೂ ಕಡಿಮೆ. ಕಿವಿರು ಕೆಂಪಗೆ, ಕಣ್ಣು ಹೊಳೆಯುತ್ತಾ ಇರುವುದನ್ನೇ ಆರಿಸುತ್ತೇನೆ. ‘ನಾಯಿಗೆ ಅಂದ್ರೆ ಇದು ಸಾಕು ತಗೊಳ್ಳಿ ಅಕ್ಕಾ’ ಅಂತ ಮೀನು ಮಾರುವವರು ಮೆತ್ತಗಾದ ರಾಶಿ ತೋರಿಸುತ್ತಾರೆ. ಬೇಡ ಅನ್ನುತ್ತೇನೆ. ತಾರ್ಲೆ, ಬಾಂಗಡೆ ಬಿಸಿಲಲ್ಲಿ ಬಿದ್ದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಕೂಡಿಕೊಳ್ಳುತ್ತದೆ, ಬೇಯಿಸಿದರೂ ಹೋಗುವುದಿಲ್ಲ.

ಹಸಿ ಮೀನು ಕೊಡುವುದಿಲ್ಲ. ಹಸಿಯಲ್ಲಿ ಹುಳುಗಳ ಭಯ ಇದೆ, ಕೆಲವು ಮೀನುಗಳಲ್ಲಿ ಬಿ1 ವಿಟಮಿನ್ ಕೆಡಿಸುವ ಅಂಶವೂ ಇದೆ. ಬೇಯಿಸಿದರೆ ಎರಡೂ ಹೋಗುತ್ತವೆ. ಹೊಟ್ಟೆ ತೆಗೆದು, ಉಪ್ಪು ಹಾಕದೆ, ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸುತ್ತೇನೆ. ಆರಿದ ಮೇಲೆ ಒಂದೊಂದೇ ಮೀನನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ತಲೆಯಿಂದ ಬಾಲದವರೆಗೆ ಹೊಸಕುತ್ತಾ ಬರುತ್ತೇನೆ. ನಡುಮುಳ್ಳು ಹಿಟ್ಟಿನಂತೆ ಪುಡಿಯಾಗಬೇಕು. ಎಲ್ಲಾದರೂ ಚುಚ್ಚಿದರೆ ಆ ಮುಳ್ಳು ಹೊರಗೆ. 80 ಗ್ರಾಂ ಮೀನು, 150 ಗ್ರಾಂ ಕುಚ್ಚಲಕ್ಕಿ ಅನ್ನ, ಒಂದು ಹಿಡಿ ಬೆಂದ ಸಿಹಿಗುಂಬಳ. ಕೋಳಿ ತಂದ ದಿನ ಎಲುಬಿಲ್ಲದ ಮಾಂಸ ಮಾತ್ರ. ಬೆಂದ ಕೋಳಿ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಮನೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿಕೊಂಡ ನಿಯಮ ಒಂದೇ, ಒಗ್ಗರಣೆಗೆ ಮೊದಲು ಚುಕ್ಕಿಯ ಪಾಲು ತೆಗೆದಿಡಬೇಕು. ಈರುಳ್ಳಿ, ಬೆಳ್ಳುಳ್ಳಿ ಹಸಿ ಇರಲಿ, ಬೆಂದಿರಲಿ, ಪುಡಿ ಇರಲಿ, ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮೀನು ಸಾರು ಕಲಸಿದ ಅನ್ನವನ್ನು ನಾವು ಎಷ್ಟು ಸಲೀಸಾಗಿ ನಾಯಿಗೆ ಹಾಕುತ್ತೇವೆ ಅಲ್ವಾ? ನಾನೂ ವರ್ಷಗಟ್ಟಲೆ ಹಾಕಿದ್ದೆ, ನೆನೆದರೆ ಈಗಲೂ ಸಂಕಟ ಆಗುತ್ತದೆ. ಈಗ ಒಲೆಯ ಪಕ್ಕ ಅವಳ ಸ್ಟೀಲ್ ಬಟ್ಟಲು ಇರುತ್ತದೆ. ಈರುಳ್ಳಿ ಹೆಚ್ಚುವ ಮೊದಲೇ ಅತ್ತೆ ಅದನ್ನು ತುಂಬಿಸಿಡುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಕುತ್ತು, ಆದ್ದರಿಂದ ಹಬ್ಬದ ಪಾಯಸ ಅವಳ ಹತ್ತಿರ ಸುಳಿಯುವುದಿಲ್ಲ. ಚಾಕೊಲೇಟ್, ಸಕ್ಕರೆಯ ಬದಲು ಜೈಲಿಟಾಲ್ ಹಾಕಿದ ಚೂಯಿಂಗ್ ಗಮ್, ಇವೂ ವಿಷ.

ಬಿಸ್ಕತ್ತು ನಿಲ್ಲಿಸಲು ಮಾವನಿಗೇ ಜಾಸ್ತಿ ಕಷ್ಟ ಆಯಿತು. ಅವರ ಚಹಾದ ಜೊತೆ ಅವಳಿಗೂ ಏನಾದರೂ ಬೇಕಲ್ಲ. ಬೆಳಿಗ್ಗೆ ದಿನದ ತಿಂಡಿಯನ್ನೆಲ್ಲ ಒಂದು ಸಣ್ಣ ಡಬ್ಬಿಗೆ ಹಾಕಿಡಲು ಶುರು ಮಾಡಿದೆ. ಯಾರು ಕೊಟ್ಟರೂ ಅದರಿಂದಲೇ, ಖಾಲಿಯಾದರೆ ಆ ದಿನಕ್ಕೆ ಮುಗಿಯಿತು. ಅದರಲ್ಲಿ ಬೆಂದ ಗೆಣಸಿನ ಸಣ್ಣ ತುಂಡು, ಸೌತೆಕಾಯಿ, ಗಜ್ಜರಿ, ಉಗುರಿನಷ್ಟು ಕೋಳಿ ಮಾಂಸ ಇರುತ್ತದೆ. ನಾಯಿಗೆ ತುಂಡಿನ ಗಾತ್ರಕ್ಕಿಂತ ಎಷ್ಟು ಸಲ ಕೊಟ್ಟರು ಅನ್ನುವುದೇ ಖುಷಿ, ಹಾಗಾಗಿ ಆದಷ್ಟು ಸಣ್ಣಗೆ ಹೆಚ್ಚುತ್ತೇನೆ. ಉಪ್ಪು ಹಾಕಿದ ಒಣಮೀನು ಕೊಡುವುದಿಲ್ಲ. ಅಂಕೋಲೆಯ ಕರಿ ಇಶಾಡ ಮಾವು ಬಂದಾಗ ಎರಡು ಹೋಳು ಅವಳಿಗೂ ಇದೆ, ಗೊರಟು ಮಾತ್ರ ಬಾಯಿಗೆ ಸಿಗದ ಕಡೆ ಎಸೆಯಬೇಕು. ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ.

ದಂಡೆಗೆ ಕರೆದುಕೊಂಡು ಹೋಗುವವರು ಇದೊಂದನ್ನು ದಯವಿಟ್ಟು ನೆನಪಿಡಿ. ಬಲೆಯಿಂದ ಬಿಸಾಡಿದ ಮೀನಿನ ನಡುವೆ ಬಲೂನಿನಂತೆ ಉಬ್ಬುವ ಮೀನು ಇರುತ್ತದೆ. ಅದರ ವಿಷ ನಾಯಿಯನ್ನು ಕೊಲ್ಲಬಹುದು, ಮದ್ದಿಲ್ಲ. ಮೀನು ಬಿದ್ದಿರುವ ಕಡೆ ಚುಕ್ಕಿಯ ಹಗ್ಗವನ್ನು ನಾನು ಗಿಡ್ಡ ಹಿಡಿಯುತ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ತಾರ್ಲೆ ಅಪರೂಪ. ಆಗ ಬೆಂದ ಮೊಟ್ಟೆ, ಕೋಳಿ. ಬದಲಾವಣೆ ಒಮ್ಮೆಲೇ ಮಾಡಿದರೆ ಬೇಧಿ ಆಗುತ್ತದೆ, ಒಂದು ವಾರ ಹಿಡಿದು ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗುತ್ತೇನೆ. ಏಳು ತಿಂಗಳಲ್ಲಿ ಅವಳ ತೂಕ 14.5 ಕಿಲೋಗೆ ಬಂತು. ಮೊನ್ನೆ ಮಾವ ಜಗಲಿಯಲ್ಲಿ ಕೂತು ಅವಳ ಪಕ್ಕೆ ಮೇಲೆ ಬೆರಳಾಡಿಸುತ್ತಾ ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದರು. ಅವಳು ಕಣ್ಣು ಮುಚ್ಚಿ ಸುಮ್ನೆ ಮಲಗಿದ್ದಳು.